ಮದ್ದು ಕೊಡುವ ಕೈ ನಡುಗಿದಾಗ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯನ್ನು ವಿವರಿಸುವಾಗ ಹಿರಿಯರು ಉದ್ದಾಯನ ಮಹಾರಾಜನ ಕಥೆಯನ್ನು ಹೇಳುವುದು ವಾಡಿಕೆ. ಅರಸನನ್ನು ಪರೀಕ್ಷಿಸಲು ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ರೂಪದಲ್ಲಿ ಅರಮನೆಗೆ ಆಹಾರಕ್ಕೆ ಬರುತ್ತಾನೆ. ಬಡಿಸಿದ್ದನ್ನೆಲ್ಲ ಉಂಡು ಅಲ್ಲಿಯೇ ವಾಂತಿ ಮಾಡಿಕೊಳ್ಳುತ್ತಾನೆ. ದುರ್ಗಂಧವನ್ನು ತಾಳಲಾರದೆ ಪರಿಜನರೆಲ್ಲ ಓಡಿಹೋಗುತ್ತಾರೆ. ಉಳಿಯುವವರು ಅರಸ ಮತ್ತು ರಾಣಿ ಪ್ರಭಾವತಿ, ಇಬ್ಬರೇ. ಮತ್ತೊಮ್ಮೆ ಆದ ವಾಂತಿ ಅವರ ಮೈಮೇಲೆಯೇ ಬೀಳುತ್ತದೆ. ತಾನು ಕೊಟ್ಟ ಆಹಾರವೇ ಪಥ್ಯವಾಗಲಿಲ್ಲವೇನೋ ಎಂದು ಅರಸನು ತನ್ನನ್ನೇ ನಿಂದಿಸಿಕೊಂಡು, ನೀರು ತಂದು ಆ ರೋಗಿಯ ಮೈಯನ್ನು ತನ್ನ ಕೈಯಾರೆ ತೊಳೆಯುತ್ತಾನೆ.

ಅರಸನು ಒಂದು ದಿನ ಮಾಡಿದ ಆ ಕೆಲಸವನ್ನು ಇಂದು ಆಸ್ಪತ್ರೆಗಳ ಶುಶ್ರೂಷಕಿಯರು ದಿನಕ್ಕೆ ಮೂರು ಪಾಳಿಗಳಲ್ಲಿ, ವರ್ಷದ ಎಲ್ಲ ದಿನವೂ ಮಾಡುತ್ತಾರೆ. ಶಾಸ್ತ್ರದಲ್ಲಿ ಹೇಳಿದ ವೈಯಾವೃತ್ಯವು ಸಂಯಮಿಗಳಿಗೆ ಸಲ್ಲಿಸುವ ಸೇವೆ, ಆಸ್ಪತ್ರೆಯದು ಸಂಬಳದ ಕೆಲಸ ಎಂದು ಯಾರಾದರೂ ಭೇದವೆಣಿಸಬಹುದು. ಎಣಿಸಲಿ. ಹಾಸಿಗೆ ಹಿಡಿದವನ ಬೆನ್ನಹುಣ್ಣನ್ನು ನಡುರಾತ್ರಿಯಲ್ಲಿ ಒರೆಸಿ ಪಟ್ಟಿ ಕಟ್ಟುವ ಕೈಗೆ ಆ ಭೇದ ತಿಳಿಯದು.

ಅಂಥ ಕೈಯೇ ವ್ಯಸನಕ್ಕೆ ಸಿಲುಕಿದರೆ ಆಗ ಮಾಡಬೇಕಾದುದೇನು? ಸುಲಭದ ಪ್ರಶ್ನೆಯಲ್ಲ ಇದು. ಜೈನ ಮನೆಗಳಲ್ಲಿ ಸಪ್ತವ್ಯಸನಗಳ ಹೆಸರನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಮದ್ಯತ್ಯಾಗವು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಒಂದು. ಆದ್ದರಿಂದ ವ್ಯಸನಿ ಎಂಬ ಮಾತು ಕಿವಿಗೆ ಬಿದ್ದೊಡನೆ ತೀರ್ಪು ನಾಲಗೆಯ ತುದಿಗೆ ಬಂದಿರುತ್ತದೆ. ಅದರಲ್ಲಿಯೂ ರೋಗಿಯ ಮದ್ದಿಗೇ ಕೈಹಾಕಿದ ಶುಶ್ರೂಷಕಿ ಎಂದರೆ ಕೇಳಬೇಕೇ? ವಸ್ತುವಿನ ಮೇಲಿನ ಆ ತೀರ್ಪು ತಪ್ಪಲ್ಲ. ಅದನ್ನೇ ವ್ಯಕ್ತಿಯ ಮೇಲಿನ ಕಡೆಯ ತೀರ್ಪಾಗಿಸಿಕೊಳ್ಳಲು ಜಿನಾಗಮದಲ್ಲಿ ಆಧಾರವಿಲ್ಲ.

ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮಾನಗಳನ್ನು ಕೊಟ್ಟಿದ್ದಾರೆ. ಮೋಹನೀಯಕ್ಕೆ ಮದ್ಯದ ಹೋಲಿಕೆ. ಕುಡಿದವನಿಗೆ ಹಿತಾಹಿತ ತಿಳಿಯದಂತೆ ಮೋಹಕ್ಕೊಳಗಾದ ಜೀವಕ್ಕೂ ತಿಳಿಯದು. ವೇದನೀಯಕ್ಕೆ ಜೇನು ಸವರಿದ ಖಡ್ಗದ ಹೋಲಿಕೆ. ನೆಕ್ಕುವಾಗ ಸಿಹಿ, ಅದೇ ಕ್ಷಣದಲ್ಲಿ ನಾಲಗೆಗೆ ಗಾಯ. ನೋವುನಿವಾರಕ ಚುಚ್ಚುಮದ್ದುಗಳ ವ್ಯಸನವನ್ನು ಬಣ್ಣಿಸಲು ಇದಕ್ಕಿಂತ ಒಳ್ಳೆಯ ಮಾತನ್ನು ಇಂದಿನ ವೈದ್ಯರೂ ಹುಡುಕಲಾರರು. ಮಾರ್ಫಿನ್, ಫೆಂಟನಿಲ್, ಪೆಂಟಾಝೋಸಿನ್, ಟ್ರಾಮಡಾಲ್ ಮೊದಲಾದವು ರೋಗಿಯ ಯಾತನೆಯನ್ನು ಕಳೆಯುವ ಔಷಧಗಳು. ಯಾತನೆಯಿಲ್ಲದವನು ಮತ್ತೆ ಮತ್ತೆ ತೆಗೆದುಕೊಂಡರೆ, ಕೆಲವೇ ವಾರಗಳಲ್ಲಿ ಅವಿಲ್ಲದೆ ಇರುವುದೇ ಯಾತನೆಯಾಗುತ್ತದೆ. ಮೈ ಬೆವರುತ್ತದೆ, ಕೀಲುಗಳು ನೋಯುತ್ತವೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ಆರಂಭದಲ್ಲಿ ಸುಖಕ್ಕೆಂದು ತೆಗೆದುಕೊಂಡದ್ದನ್ನು ಆಮೇಲೆ ಕೇವಲ ನೆಟ್ಟಗೆ ನಿಲ್ಲುವುದಕ್ಕೆಂದು ತೆಗೆದುಕೊಳ್ಳಬೇಕಾಗುತ್ತದೆ.

ಶುಶ್ರೂಷಕಿಯರಲ್ಲಿ ಇದು ಆರಂಭವಾಗುವ ಬಗೆಯನ್ನು ಗಮನಿಸಿದರೆ ಕೋಪಕ್ಕಿಂತ ಮೊದಲು ವ್ಯಥೆಯಾಗುತ್ತದೆ. ಭಾರವಾದ ರೋಗಿಗಳನ್ನು ಎತ್ತಿ ಮಲಗಿಸಿ ಬೆನ್ನು ಹಿಡಿದುಕೊಂಡಿರುತ್ತದೆ. ಒಂದು ವಾರ ರಾತ್ರಿಪಾಳಿ, ಇನ್ನೊಂದು ವಾರ ಹಗಲುಪಾಳಿ ಎಂದು ಬದಲಾಗುತ್ತ ನಿದ್ದೆ ಕೆಟ್ಟಿರುತ್ತದೆ. ಬೆಳಿಗ್ಗೆ ಕೈಯಾರೆ ಗಂಜಿ ಕುಡಿಸಿದ ಮಗು ಸಂಜೆಗೆ ತೀರಿಕೊಂಡಿರುತ್ತದೆ. ಅಳಲು ವೇಳೆಯಿಲ್ಲದೆ ಮುಂದಿನ ಹಾಸಿಗೆಗೆ ಹೋಗಬೇಕಾಗುತ್ತದೆ. ಮೊದಲು ಒಂದು ನೋವಿನ ಮಾತ್ರೆ, ಆಮೇಲೆ ಒಂದು ನಿದ್ರೆಮಾತ್ರೆ, ಮತ್ತೊಂದು ದಿನ ಆಂಪೂಲಿನಲ್ಲಿ ಮಿಕ್ಕ ಅರ್ಧ ಮಿಲಿಲೀಟರ್ ಔಷಧ. ಹೇಗೂ ಚೆಲ್ಲುವುದಲ್ಲವೇ ಎಂಬ ಸಮಾಧಾನ. ಔಷಧಗಳ ಗುಣವನ್ನು ಬಲ್ಲವರಾದ್ದರಿಂದ ಅವುಗಳನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲೆವೆಂಬ ಭ್ರಮೆ ಬೇರೆ. 1998ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನವು, ತುರ್ತು ಚಿಕಿತ್ಸಾ ವಿಭಾಗದ ಶುಶ್ರೂಷಕಿಯರು ಗಾಂಜಾ ಅಥವಾ ಕೊಕೇನ್ ಬಳಸುವ ಸಂಭವವು ಮಕ್ಕಳ ವಿಭಾಗ, ಸ್ತ್ರೀರೋಗ ವಿಭಾಗಗಳವರಿಗಿಂತ 3.5 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಕೆಲಸದ ಜಾಗಕ್ಕೂ ವ್ಯಸನಕ್ಕೂ ನಂಟಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇಲ್ಲಿ ಭಗವತೀ ಆರಾಧನೆಯ ಒಂದು ವಿಧಿಯನ್ನು ನೆನೆಯಬೇಕು. ಸಲ್ಲೇಖನವನ್ನು ಕೈಗೊಂಡ ಒಬ್ಬ ಕ್ಷಪಕನ ಶುಶ್ರೂಷೆಗೆ 48 ಮಂದಿ ನಿರ್ಯಾಪಕ ಮುನಿಗಳು ಇರಬೇಕೆಂದು ಆ ಗ್ರಂಥ ಹೇಳುತ್ತದೆ. ಮೈ ಹೊರಳಿಸುವವರು ಕೆಲವರು, ಧರ್ಮ ಹೇಳುವವರು ಕೆಲವರು, ರಾತ್ರಿ ಎಚ್ಚರವಿರುವವರು ಕೆಲವರು, ಬಾಗಿಲು ಕಾಯುವವರು ಕೆಲವರು. ಕಾಲ ಕೆಟ್ಟದ್ದಾಗಿ ಅಷ್ಟು ಮಂದಿ ಸಿಗದಿದ್ದರೆ ಸಂಖ್ಯೆಯನ್ನು ನಾಲ್ಕು ನಾಲ್ಕಾಗಿ ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಉಳಿದರೆ ರೋಗಿಗೂ ಕೇಡು, ಸೇವಕನಿಗೂ ಕೇಡು ಎಂಬ ಎಚ್ಚರ ಅಲ್ಲಿದೆ. ಒಬ್ಬಳೇ ಶುಶ್ರೂಷಕಿಯ ವಶಕ್ಕೆ ಇಡೀ ವಾರ್ಡನ್ನೂ ಔಷಧದ ಬೀರುವಿನ ಕೀಲಿಯನ್ನೂ ಒಪ್ಪಿಸಿ ಬೆಳಗಾಗುವವರೆಗೆ ಬಿಟ್ಟುಬಿಡುವ ಆಸ್ಪತ್ರೆಗಳ ಆಡಳಿತ ಮಂಡಳಿಗಳು ಈ ವಿಧಿಯನ್ನು ಓದಬೇಕು. ಸೇವೆ ಮಾಡುವವರಿಗೂ ದೇಹವಿದೆ, ದಣಿವಿದೆ ಎಂಬುದನ್ನು ಅಷ್ಟು ಕಠೋರ ತಪಸ್ಸಿನವರೇ ಲೆಕ್ಕಕ್ಕೆ ತೆಗೆದುಕೊಂಡಿದ್ದರು.

ವ್ಯಸನವು ಬೇರೂರಿದ ಮೇಲೆ ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು.

ಮೊದಲನೆಯದು ಮುಚ್ಚಿಡುವುದು. ಸಹೋದ್ಯೋಗಿಗಳ ಕಣ್ಣಿಗೆ ಬೀಳುವ ಲಕ್ಷಣಗಳು ಹಲವು. ಕೇಳದಿದ್ದರೂ ರಾತ್ರಿಪಾಳಿಗೆ ಮುಂದಾಗುವುದು, ಬೇರೆಯವರ ರೋಗಿಗಳಿಗೂ ನೋವಿನ ಚುಚ್ಚುಮದ್ದನ್ನು ತಾನೇ ಕೊಡುವೆನೆನ್ನುವುದು, ಆಗಾಗ ಆಂಪೂಲು ಒಡೆಯಿತೆಂದು ಬರೆಯುವುದು, ಪಾಳಿಯ ನಡುವೆ ಬಹಳ ಹೊತ್ತು ಕಾಣೆಯಾಗುವುದು, ಸೆಕೆಯಲ್ಲೂ ತುಂಬುತೋಳು ತೊಡುವುದು. ಚುಚ್ಚುಮದ್ದು ಕೊಟ್ಟಿದೆಯೆಂದು ರಿಜಿಸ್ಟರಿನಲ್ಲಿ ಬರೆದಿರುತ್ತದೆ, ರೋಗಿ ಮಾತ್ರ ನರಳುತ್ತಲೇ ಇರುತ್ತಾನೆ. ಮಿಕ್ಕ ಔಷಧವನ್ನು ಇನ್ನೊಬ್ಬರ ಸಮ್ಮುಖದಲ್ಲಿ ಚೆಲ್ಲಿ ಇಬ್ಬರೂ ಸಹಿ ಹಾಕಬೇಕೆಂಬುದು ನಿಯಮ. ಚೆಲ್ಲಿದ್ದನ್ನು ನೋಡದೆಯೇ ಗೆಳತಿ ಸಹಿ ಹಾಕುತ್ತಾಳೆ. "ಪಾಪ, ಎರಡು ಮಕ್ಕಳ ತಾಯಿ, ಕೆಲಸ ಹೋದರೆ ಗತಿಯೇನು" ಎಂಬ ಕನಿಕರ ಅವಳದು. ಶಸ್ತ್ರಚಿಕಿತ್ಸೆಯಾದವನಿಗೆ ಮಾರ್ಫಿನ್ ಬದಲು ನೀರು ಸೇರುತ್ತಿದ್ದರೆ ಆ ಕನಿಕರ ಯಾರ ಪಾಲಿಗೆ ಏನಾಯಿತು? ಪ್ರಮತ್ತಯೋಗದಿಂದ ಪ್ರಾಣಿಗೆ ಆಗುವ ಘಾತವೇ ಹಿಂಸೆ ಎಂದು ಉಮಾಸ್ವಾತಿಗಳು ಲಕ್ಷಣ ಹೇಳಿದ್ದಾರೆ. ವ್ಯಸನದಲ್ಲಿ ಮುಳುಗಿದ ಕೈಯೂ ನೋಡದೆ ಸಹಿ ಹಾಕಿದ ಕೈಯೂ ಆ ಲಕ್ಷಣದಿಂದ ತಪ್ಪಿಸಿಕೊಳ್ಳಲಾರವು. ಅದತ್ತಾದಾನವಂತೂ ಸ್ಪಷ್ಟವಾಗಿಯೇ ಇದೆ.

ಎರಡನೆಯದು ಹೊರದಬ್ಬುವುದು. ಆಸ್ಪತ್ರೆಯ ಹೆಸರು ಕೆಡುವುದೆಂದು ಹೆದರಿ ಆಡಳಿತವು ಸದ್ದಿಲ್ಲದೆ ರಾಜೀನಾಮೆ ಬರೆಸಿಕೊಳ್ಳುತ್ತದೆ. ಅವಳು ಮುಂದಿನ ತಿಂಗಳು ಇನ್ನೊಂದು ಊರಿನ ಇನ್ನೊಂದು ಆಸ್ಪತ್ರೆಯನ್ನು ಸೇರುತ್ತಾಳೆ. ಅದೇ ವ್ಯಸನ, ಅಂಥದೇ ಬೀರು, ಹೊಸ ರೋಗಿಗಳು. ಇಲ್ಲವೇ ಎಲ್ಲರ ಮುಂದೆ ಅವಮಾನಿಸಿ ಕಳಿಸುತ್ತಾರೆ. ಗುಟ್ಟು ಬಯಲಾದ ದಿನವೇ ವ್ಯಸನಿಗೆ ಅತ್ಯಂತ ಅಪಾಯದ ದಿನವೆಂದು ಈ ಕ್ಷೇತ್ರದ ವೈದ್ಯರು ಎಚ್ಚರಿಸುತ್ತಾರೆ. ಆತ್ಮಹತ್ಯೆಯ ಯೋಚನೆ ಬರುವುದು ಆಗಲೇ. ಆ ರಾತ್ರಿ ಅವಳನ್ನು ಒಬ್ಬಳೇ ಮನೆಗೆ ಕಳಿಸಕೂಡದು ಎಂಬಷ್ಟನ್ನಾದರೂ ಅಹಿಂಸೆಯನ್ನು ನಂಬುವ ಆಡಳಿತಗಾರರು ತಿಳಿದಿರಬೇಕು.

ಮುಚ್ಚಿಡುವವರು ತಮ್ಮ ಪರವಾಗಿ ಐದನೆಯ ಅಂಗವಾದ ಉಪಗೂಹನವನ್ನು ಉದಾಹರಿಸುವುದುಂಟು. ಪರರ ದೋಷವನ್ನು ಮರೆಮಾಡುವುದು ಸಮ್ಯಗ್ದೃಷ್ಟಿಯ ಗುಣವಲ್ಲವೇ ಎಂದು ಕೇಳುತ್ತಾರೆ. ಹೌದು. ಆ ಅಂಗಕ್ಕೆ ಹೆಸರಾದ ಜಿನೇಂದ್ರಭಕ್ತ ಸೆಟ್ಟಿಯ ಕಥೆಯನ್ನು ಕಡೆಯವರೆಗೆ ಓದಬೇಕು. ಕಳ್ಳನೊಬ್ಬ ಕ್ಷುಲ್ಲಕನ ವೇಷ ಹಾಕಿ ಸೆಟ್ಟಿಯ ಚೈತ್ಯಾಲಯದ ಕಾವಲಿಗೆ ಸೇರಿಕೊಂಡು, ಜಿನಬಿಂಬದ ಕೊಡೆಯಲ್ಲಿದ್ದ ವೈಡೂರ್ಯವನ್ನು ಕದ್ದು ಓಡುತ್ತಾನೆ. ಕಾವಲುಗಾರರು ಅಟ್ಟಿಸಿಕೊಂಡು ಬಂದಾಗ ಸೆಟ್ಟಿಯ ಮರೆಯನ್ನೇ ಹೊಗುತ್ತಾನೆ. ತನ್ನ ಮಾತಿನಂತೆಯೇ ಅವನು ರತ್ನವನ್ನು ತಂದನೆಂದು ಹೇಳಿ ಸೆಟ್ಟಿ ಅವರನ್ನು ಹಿಂದೆ ಕಳಿಸುತ್ತಾನೆ. ಪ್ರವಚನಗಳಲ್ಲಿ ಕಥೆ ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಅದೇ ರಾತ್ರಿ ಸೆಟ್ಟಿ ಅವನನ್ನು ಅಲ್ಲಿಂದ ಸಾಗಹಾಕುತ್ತಾನೆ. ಮಾರ್ಗದ ಹೆಸರಿಗೆ ಕಳಂಕ ಬಾರದಂತೆ ನೋಡಿಕೊಂಡ, ಕೊಡೆಯ ಕಾವಲನ್ನು ಮತ್ತೆ ಅವನ ಕೈಗೆ ಒಪ್ಪಿಸಲಿಲ್ಲ. ನಿಂದೆಯಿಂದ ಕಾಯುವುದು ಉಪಗೂಹನ. ಬೀರುವಿನ ಕೀಲಿಯನ್ನು ಅವರ ಬಳಿಯೇ ಬಿಡುವುದು ಅಲ್ಲ. ಐದನೆಯ ಅಂಗದ ಬೆನ್ನಿಗೇ ಆಚಾರ್ಯರು ಆರನೆಯದನ್ನು, ಅಂದರೆ ಜಾರಿದವರನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವ ಸ್ಥಿತಿಕರಣವನ್ನು, ಇಟ್ಟಿದ್ದಾರೆ. ಸಮಾಜವು ಐದನೆಯದರಲ್ಲಿ ನಿಂತುಬಿಟ್ಟಿದೆ. ಮುಚ್ಚಿಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸಿದೆ. ಇದು ಆಸ್ಪತ್ರೆಗಳಿಗಷ್ಟೇ ಅನ್ವಯಿಸುವ ಮಾತಲ್ಲವೆಂಬುದನ್ನು ತಿಳಿದವರು ತಿಳಿದುಕೊಂಡಾರು.

ಸ್ಥಿತಿಕರಣವನ್ನು ಒಂದು ವ್ಯವಸ್ಥೆಯಾಗಿ ಕಟ್ಟಬಹುದೆಂಬುದಕ್ಕೆ ನಿದರ್ಶನ ದೂರದೇಶದಲ್ಲಿದೆ. ಅಮೆರಿಕದ ಶುಶ್ರೂಷಕಿಯರ ಸಂಘವು 1982ರಲ್ಲಿ, ವ್ಯಸನಕ್ಕೆ ಸಿಲುಕಿದ ಸಹೋದ್ಯೋಗಿಗಳಿಗೆ ನೆರವಾಗಬೇಕೆಂಬ ನಿರ್ಣಯವನ್ನು ಅಂಗೀಕರಿಸಿತು. ಮರುವರ್ಷ ಫ್ಲಾರಿಡಾ ರಾಜ್ಯವು ಶಾಸನದ ಮೂಲಕವೇ ಅದಕ್ಕೊಂದು ಯೋಜನೆಯನ್ನು ರೂಪಿಸಿತು. ಮುಂದೆ ಟೆಕ್ಸಾಸ್, ನ್ಯೂಯಾರ್ಕ್ ಮೊದಲಾದ ಹಲವು ರಾಜ್ಯಗಳಲ್ಲಿ ಅಂಥವು ಬೆಳೆದವು. 2011ರಲ್ಲಿ ಅಲ್ಲಿನ ಶುಶ್ರೂಷಾ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವು ಈ ಬಗೆಯ ಯೋಜನೆಗಳಿಗೆ ವಿಸ್ತಾರವಾದ ಕೈಪಿಡಿಯನ್ನು ಹೊರತಂದಿತು. ಕ್ರಮ ಹೀಗೆ: ತಾನಾಗಿ ಬಂದು ಹೇಳಿಕೊಂಡವರನ್ನು, ಇಲ್ಲವೇ ಸಹೋದ್ಯೋಗಿಗಳು ಕರೆತಂದವರನ್ನು, ರೋಗಿಗಳಿಂದ ಆ ಕೂಡಲೇ ದೂರವಿಡುತ್ತಾರೆ. ತಜ್ಞರು ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಕೆಲಸಕ್ಕೆ ಮರಳಿದ ಮೇಲೂ ಕೆಲಕಾಲ ಮಾದಕ ಔಷಧದ ಬೀರುವಿನ ಕೀಲಿ ಸಿಗುವುದಿಲ್ಲ, ರಾತ್ರಿಪಾಳಿಯಿಲ್ಲ, ಹೆಚ್ಚುವರಿ ಪಾಳಿಯಿಲ್ಲ. ಯಾವ ದಿನವೆಂದು ಮೊದಲೇ ತಿಳಿಸದೆ ಮೂತ್ರಪರೀಕ್ಷೆಗೆ ಕರೆಯುತ್ತಾರೆ. ಮೇಲಧಿಕಾರಿ ನಿಯತವಾಗಿ ವರದಿ ಕಳಿಸುತ್ತಾರೆ. ಇದೇ ದಾರಿಯನ್ನು ದಾಟಿಬಂದ ಇತರ ಶುಶ್ರೂಷಕಿಯರೊಡನೆ ಕುಳಿತು ಮಾತಾಡುವ ಸಭೆಗಳಿರುತ್ತವೆ. ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಇದು ನಡೆಯುತ್ತದೆ. ಒಪ್ಪಂದವನ್ನು ಮುರಿದವರ ವಿಷಯ ಪರವಾನಗಿ ಕೊಡುವ ಮಂಡಳಿಯ ಮುಂದೆ ಹೋಗುತ್ತದೆ. ಬೆಂಗಳೂರು, ಮಂಗಳೂರುಗಳಲ್ಲಿ ಕಲಿತು ಆ ದೇಶಕ್ಕೆ ಹೋದ ಹೆಣ್ಣುಮಕ್ಕಳ ತಂದೆತಾಯಿಗಳು ಇಂಥದೊಂದು ದಾರಿಯಿದೆಯೆಂದು ತಿಳಿದಿದ್ದರೆ ಒಳ್ಳೆಯದು.

ಇದು ಸಡಿಲಿಕೆಯಲ್ಲವೇ, ತಪ್ಪಿಗೆ ಶಿಕ್ಷೆ ಬೇಡವೇ ಎಂಬ ಆಕ್ಷೇಪ ಬರುತ್ತದೆ. ಅದಕ್ಕೆ ಉತ್ತರವು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿದೆ. ಅಂತರಂಗ ತಪಸ್ಸುಗಳಲ್ಲಿ ಮೊದಲನೆಯದಾದ ಪ್ರಾಯಶ್ಚಿತ್ತಕ್ಕೆ ಅಲ್ಲಿ ಒಂಬತ್ತು ಭೇದಗಳು. ಆಲೋಚನೆಯಿಂದ, ಎಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದರಿಂದ, ಅವು ಮೊದಲಾಗುತ್ತವೆ. ವಿವೇಕವೆಂದರೆ ಯಾವ ವಸ್ತುವಿನಿಂದ ದೋಷ ಬಂದಿತೋ ಅದರಿಂದ ಬೇರ್ಪಡಿಸುವುದು. ಛೇದವೆಂದರೆ ದೀಕ್ಷೆಯ ವರ್ಷಗಳನ್ನು ಕಡಿತಗೊಳಿಸಿ ಕಿರಿಯನನ್ನಾಗಿಸುವುದು. ಪರಿಹಾರವೆಂದರೆ ಇಂತಿಷ್ಟು ಕಾಲ ಸಂಘದಿಂದ ದೂರವಿಡುವುದು. ಎಲ್ಲಕ್ಕಿಂತ ಕಡೆಗೆ, ಎಲ್ಲಕ್ಕಿಂತ ದೊಡ್ಡ ದೋಷಕ್ಕೆ ಇರುವುದು ಉಪಸ್ಥಾಪನೆ, ಅಂದರೆ ಮತ್ತೆ ದೀಕ್ಷೆ. ಇವು ಮುನಿಗಳಿಗೆ ವಿಧಿಸಿದವು. ಉದ್ಯೋಗದ ವಿಷಯಕ್ಕೆ ಇದ್ದಂತೆಯೇ ಅನ್ವಯಿಸಬೇಕೆಂಬುದು ಇಲ್ಲಿನ ಅಭಿಪ್ರಾಯವಲ್ಲ. ಅಷ್ಟು ಕಟ್ಟುನಿಟ್ಟಿನ ಸಂಘವು ಸಹ ದೂರವಿಡುವುದಕ್ಕೆ ಅವಧಿಯನ್ನು ಗೊತ್ತುಪಡಿಸಿ, ಹಿಂದಿರುಗುವ ಬಾಗಿಲನ್ನು ಪಟ್ಟಿಯಲ್ಲಿಯೇ ಇಟ್ಟಿತ್ತು ಎಂಬುದನ್ನು ಗಮನಿಸಬೇಕು.

ಆಲೋಚನೆಯ ಹತ್ತು ದೋಷಗಳನ್ನು ಪೂರ್ವಾಚಾರ್ಯರು ಎಣಿಸಿದ ರೀತಿಯಂತೂ ವ್ಯಸನಮುಕ್ತಿ ಕೇಂದ್ರದ ವೈದ್ಯರನ್ನು ಬೆರಗುಗೊಳಿಸುವಂಥದು. ಗುರುವಿನ ಮನಸ್ಸನ್ನು ಮೊದಲೇ ಮೆತ್ತಗೆ ಮಾಡಿಕೊಂಡು ಹೇಳುವುದು ಆಕಂಪಿತ. ಇತರರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ನುಂಗುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ, ಸಣ್ಣದನ್ನು ಹೇಳಿ ದೊಡ್ಡದನ್ನು ಬಿಡುವುದು ಸೂಕ್ಷ್ಮ. ಗದ್ದಲದ ನಡುವೆ ಕೇಳಿಸದಂತೆ ಹೇಳುವುದು ಶಬ್ದಾಕುಲಿತ. ಅದೇ ದೋಷವುಳ್ಳವನ ಬಳಿ ಹೋಗಿ ಹೇಳುವುದು ತತ್ಸೇವಿ. ಸಿಕ್ಕಿಬಿದ್ದ ಒಂದು ಆಂಪೂಲನ್ನು ಒಪ್ಪಿಕೊಂಡು ಉಳಿದದ್ದನ್ನು ಮರೆಸುವ ವ್ಯಸನಿಯ ಸ್ವಭಾವವನ್ನು ಅವರು ಬಲ್ಲವರಾಗಿದ್ದರು. ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಕೇಳುವ ಆಚಾರ್ಯನು ಅಪರಿಸ್ರಾವಿಯಾಗಿರಬೇಕು; ಕಾದ ಕಬ್ಬಿಣ ಹೀರಿದ ನೀರು ಹೊರಗೆ ಸೋರದಂತೆ, ಶಿಷ್ಯನು ಹೇಳಿದ ದೋಷ ಅವನ ಬಾಯಿಂದ ಸೋರಬಾರದು. ಇಂದಿನ ಮೇಟ್ರನ್‌ಗಳಲ್ಲಿ, ವೈದ್ಯಾಧಿಕಾರಿಗಳಲ್ಲಿ ಈ ಗುಣ ಎಷ್ಟು ಮಂದಿಗಿದೆ? ತಿಳಿಯಬೇಕಾದವರಿಗೆ ತಿಳಿಸಿ, ಕ್ಯಾಂಟೀನಿಗೆ ತಲುಪದಂತೆ ಕಾಯುವ ಕೆಲಸ ಸುಲಭವಲ್ಲ.

ಭಾರತದಲ್ಲಿ ಶುಶ್ರೂಷಕಿಯರಿಗೆಂದೇ ರಾಜ್ಯವ್ಯಾಪಿಯಾದ ಅಂಥ ವ್ಯವಸ್ಥೆ ಇನ್ನೂ ಬೇರೂರಿಲ್ಲ. ಆದರೆ ಕಾನೂನು ಬಾಗಿಲನ್ನು ಪೂರ್ತಿ ಮುಚ್ಚಿಯೂ ಇಲ್ಲ. 1985ರ ಮಾದಕದ್ರವ್ಯ ಕಾಯ್ದೆಯಲ್ಲಿ 64-ಎ ಎಂಬ ಕಲಮಿದೆ. ಮಾದಕವಸ್ತು ಸೇವನೆಯ ಅಥವಾ ಅಲ್ಪ ಪ್ರಮಾಣಕ್ಕೆ ಸಂಬಂಧಿಸಿದ ಅಪರಾಧದ ಆರೋಪ ಹೊತ್ತ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಬರುವ ಮನೋಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯೊಳಗೇ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 2022ರಲ್ಲಿ ಆರಂಭವಾದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416; ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಮುಕ್ತಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಇನ್ನು ಆರನೆಯ ಅಂಗದ ಕಥೆ. ಶ್ರೇಣಿಕ ಮಹಾರಾಜನ ಮಗ ವಾರಿಷೇಣನು ಮುನಿಯಾದಾಗ ಅವನ ಗೆಳೆಯ ಪುಷ್ಪಡಾಲನೂ ದೀಕ್ಷೆ ಪಡೆದನು. ಆದರೆ ಹನ್ನೆರಡು ವರ್ಷವಾದರೂ ಅವನಿಗೆ ಬಿಟ್ಟುಬಂದ ಹೆಂಡತಿಯದೇ ಧ್ಯಾನ. ಕಡೆಗೆ ತಡೆಯಲಾರದೆ ಮನೆಯ ಕಡೆಗೆ ಹೊರಟ. ವಾರಿಷೇಣನು ಅವನನ್ನು ಬಯ್ಯಲಿಲ್ಲ, ಸಂಘದ ಮುಂದೆ ದೂರಲಿಲ್ಲ, ಹೋದರೆ ಹೋಗಲಿ ಎಂದು ಸುಮ್ಮನಿರಲೂ ಇಲ್ಲ. ಜೊತೆಯಲ್ಲಿ ನಡೆದ. ತನ್ನದೇ ಅರಮನೆಗೆ ಕರೆದೊಯ್ದು, ತಾನು ಬಿಟ್ಟುಬಂದ ರಾಣಿಯರನ್ನೂ ಯುವರಾಜ ಪದವಿಯನ್ನೂ ತೋರಿಸಿ, ಬೇಕಾದರೆ ಇವನ್ನೇ ಸ್ವೀಕರಿಸೆಂದ. ಪುಷ್ಪಡಾಲನು ನಾಚಿ ಮನಸ್ಸನ್ನು ಗಟ್ಟಿಮಾಡಿಕೊಂಡ. ಮಗನೂ ಜಾರಿದನೇನೋ ಎಂದು ತಾಯಿ ಚೇಲನೆಯೇ ಆ ಹೊತ್ತಿನಲ್ಲಿ ಶಂಕಿಸಿದ್ದಳು. ಜಾರುವವನ ಜೊತೆ ನಡೆಯುವವನ ಮೇಲೆ ಇಂಥ ಶಂಕೆ ಬರುವುದು ಸಹಜ. ವಾರಿಷೇಣನು ಅದನ್ನೂ ಹೊತ್ತುಕೊಂಡ.

ಚಿಕಿತ್ಸೆ ಮುಗಿಸಿ ಮರಳಿದ ಶುಶ್ರೂಷಕಿಯ ಜೊತೆ ನಡೆಯುವುದೆಂದರೆ ದೊಡ್ಡ ಮಾತುಗಳಲ್ಲ. ಚುಚ್ಚುಮದ್ದಿನ ಕೆಲಸವನ್ನು ಇನ್ನೊಬ್ಬರು ವಹಿಸಿಕೊಂಡು ಅವಳಿಗೆ ಗಾಯ ತೊಳೆಯುವ, ಜ್ವರ ನೋಡುವ ಕೆಲಸ ಕೊಡುವುದು. ಪರೀಕ್ಷೆಗೆ ಕರೆದ ದಿನ ಮುಖ ಸಿಂಡರಿಸದೆ ಜೊತೆಗೆ ಹೋಗಿಬರುವುದು. ಮನೆಯಲ್ಲಿ ಅತ್ತೆಯಾದವರು ನೆಂಟರ ಮುಂದೆ ಆ ವಿಷಯ ಎತ್ತದಿರುವುದು. ಮತ್ತೊಮ್ಮೆ ಎಡವಿದರೆ, ಹಾಗಾಗುವುದು ಅಪರೂಪವೇನಲ್ಲ, "ಇವಳ ಹಣೆಬರಹವೇ ಇಷ್ಟು" ಎನ್ನದೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯುವುದು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಔಷಧದಾನಕ್ಕೆ ಶ್ರಾವಕರು ಎಂದೂ ಹಿಂದೆಗೆದಿಲ್ಲ. ದಾನದ ಹಣದಲ್ಲಿ ಎದ್ದುನಿಂತ ಆಸ್ಪತ್ರೆಗಳು ಎಷ್ಟೋ ಊರುಗಳಲ್ಲಿವೆ. ಆ ಔಷಧವನ್ನು ರೋಗಿಗೆ ಮುಟ್ಟಿಸುವವಳಿಗೂ ಅಭಯ ಬೇಕು. ತಾನಾಗಿ ಬಂದು ಹೇಳಿಕೊಂಡ ಶುಶ್ರೂಷಕಿಯನ್ನು ಅದೊಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದಿಲ್ಲ, ರೋಗಿಗಳಿಂದ ದೂರವಿಟ್ಟು ಚಿಕಿತ್ಸೆಗೆ ಕಳಿಸಲಾಗುವುದು ಎಂಬ ಒಂದು ಸಾಲು ತಮ್ಮ ಆಸ್ಪತ್ರೆಯ ಸೇವಾನಿಯಮಗಳಲ್ಲಿ ಇದೆಯೇ ಎಂದು ಟ್ರಸ್ಟಿಗಳು ಮುಂದಿನ ಸಭೆಯಲ್ಲಿಯೇ ಪುಸ್ತಕ ತೆರೆದು ನೋಡಬಹುದು.